ಆಡುವವರಿಗಾಗಿ ಅಚ್ಚಾಗುವ ಗ್ರಂಥಗಳು: ಪ್ರಸಂಗಮುದ್ರಣದ ವಿಚಾರ

ಗ್ರಂಥವೆಂದರೆ ಓದುವುದಕ್ಕಾಗಿಯೇ ಹುಟ್ಟಿದ್ದು ಎಂಬ ಭಾವನೆ ವಿದ್ವಾಂಸರಲ್ಲಿ ಬಲವಾಗಿ ಬೇರೂರಿದೆ. ಆದರೆ ಓದಿದಮಾತ್ರದಿಂದ ಪೂರ್ತಿಯಾಗದ ಗ್ರಂಥಜಾತಿಯೊಂದುಂಟು. ಶ್ರೌತಕರ್ಮಗಳ ಪ್ರಯೋಗಪುಸ್ತಕಗಳು ಆ ಜಾತಿಯವು; ಅವುಗಳನ್ನು ಮನೆಯಲ್ಲಿ ಕುಳಿತು ಆದ್ಯಂತವಾಗಿ ಓದಿದವನು ಯಾಗವನ್ನು ಕಂಡಂತಾಗಲಿಲ್ಲ. ಯಕ್ಷಗಾನದ ಪ್ರಸಂಗಗಳೂ ಆ ಜಾತಿಗೇ ಸೇರಿದುವು. ಬರೆದವನೊಬ್ಬ, ಅಚ್ಚುಹಾಕಿಸಿದವನೊಬ್ಬ, ಆಡುವವರಾದರೋ ಈ ಇಬ್ಬರನ್ನೂ ಕಂಡರಿಯದ, ತಮ್ಮತಮ್ಮಲ್ಲಿಯೂ ಪರಿಚಯವಿಲ್ಲದ ಹಲವು ಮೇಳಗಳವರು. ಒಂದೇ ಪುಸ್ತಕವು ಇಷ್ಟು ಕೈಗಳಲ್ಲಿ ಆಟವಾಗಬೇಕಾದರೆ ಅದರಲ್ಲಿ ಏನನ್ನು ಬರೆದಿರಬೇಕು, ಏನನ್ನು ಬರೆಯದೆ ಬಿಟ್ಟಿರಬೇಕು ಎಂಬುದು ಪ್ರಕೃತ ಲೇಖನದ ವಿಷಯ.

ಈ ವಿಚಾರಕ್ಕೆ ಈಗ ಅವಸರವುಂಟು. ನಾನು ವಾಸಮಾಡುವ ಕೆಂಪಾಪುರವು (ಹಿರಿಯ ಕೆಂಪೇಗೌಡನ ಸಮಾಧಿಯ ದೆಸೆಯಿಂದ 2015ರಿಂದೀಚೆಗೆ ಹೆಸರು ಪಡೆದ ಮಾಗಡಿ ತಾಲ್ಲೂಕಿನ ಗ್ರಾಮವಿದು) ಮೂಡಲಪಾಯ ಯಕ್ಷಗಾನದ ಸೀಮೆಯೊಳಗಿದೆ. ಮೂಡಲಪಾಯದ ಪ್ರಸಂಗಗಳಲ್ಲಿ ಅಚ್ಚಿಗೆ ಬಂದುವು ಕೆಲವು; ಭಾಗವತರ ಕೈಬರಹದ ಪುಸ್ತಕಗಳಲ್ಲಿಯೇ ಉಳಿದುವು ಹಲವು. ಪುಸ್ತಕದ ಬರಹವು ಆಟವಾಗುವ ಬಗೆಯನ್ನು ಬಲ್ಲ ಭಾಗವತರು ವೃದ್ಧರಾಗುತ್ತಿದ್ದಾರೆ. ಕಾವ್ಯಗಳನ್ನು ಶೋಧಿಸಿ ಅಚ್ಚುಮಾಡಿದ ಪದ್ಧತಿಯಿಂದಲೇ ಇವನ್ನೂ ಅಚ್ಚುಮಾಡಿದರೆ ಪುಸ್ತಕವೇನೋ ಉಳಿಯುವುದು, ಆಟವು ಉಳಿಯಲಾರದು ಎಂಬುದು ನನ್ನ ಅಭಿಪ್ರಾಯ. ಇದನ್ನು ಸ್ಥಾಪಿಸುವುದಕ್ಕಾಗಿ ಮೊದಲು ಪಡುವಲಪಾಯದ ಅಚ್ಚಿನ ಪ್ರಸಂಗವನ್ನೂ, ಬಳಿಕ ಮೂಡಲಪಾಯದ ಕೈಬರಹವನ್ನೂ, ಕೊನೆಗೆ ಸಮುದ್ರದಾಚೆಯ ದೇಶಗಳಲ್ಲಿ ಈಚೆಗೆ ಬೆಳೆದ ಒಂದು ಆಟದ ಪುಸ್ತಕಗಳನ್ನೂ ಹೋಲಿಸಿ ನೋಡುತ್ತೇನೆ.

ಪಡುವಲಪಾಯದ ಪ್ರಸಂಗವು ಕರಾವಳಿಯ ಮೇಳಗಳದು. ಉಡುಪಿಯ ಪಾವಂಜೆ ಗುರುರಾಯರು ಶ್ರೀಮನ್ಮಧ್ವಸಿದ್ಧಾಂತ ಗ್ರಂಥಾಲಯದ ಮೂಲಕ ಅಚ್ಚುಹಾಕಿಸಿದ ಪ್ರಸಂಗಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅವುಗಳಲ್ಲಿರುವುದು ಪದ್ಯಗಳು; ಪದ್ಯದ ನೆತ್ತಿಯಲ್ಲಿ ರಾಗದ ಹೆಸರು, ತಾಳದ ಹೆಸರು; ನಡುನಡುವೆ ಕಂದ, ಭಾಮಿನಿ, ವಾರ್ಧಕ, ದ್ವಿಪದಿಗಳು. ಪಾತ್ರಗಳು ಆಡುವ ಮಾತೆಂಬುದು ಪುಸ್ತಕದಲ್ಲಿಲ್ಲ. ರಂಗದಲ್ಲಾದರೋ ಕಾಲದ ಬಹುಭಾಗವನ್ನು ಆಕ್ರಮಿಸುವುದು ಆ ಮಾತೇ. ದೇವಿದಾಸನ ಹೆಸರಿನಲ್ಲಿ ಪ್ರಚಲಿತವಾದ ಕೃಷ್ಣಸಂಧಾನವನ್ನು ತೆಗೆದುಕೊಳ್ಳಬಹುದು. ಸಂಧಿಗಾಗಿ ಬಂದ ಕೃಷ್ಣನು ತನ್ನ ಅರಮನೆಯನ್ನು ಬಿಟ್ಟು ವಿದುರನ ಮನೆಯಲ್ಲಿ ಉಂಡನೆಂದು ಕೌರವನು ಆಕ್ಷೇಪಿಸುವ ಸಂದರ್ಭಕ್ಕೆ ಭಾಗವತರು ಹಾಡುವುದು ಕೆಲವೇ ನುಡಿಗಳನ್ನು. ಆ ನುಡಿಗಳ ಬೆನ್ನಿಗೆ ಅರ್ಥಧಾರಿಗಳಿಬ್ಬರು ಅರ್ಧ ಗಂಟೆಯವರೆಗೆ ವಾದಿಸಿದರೂ ಯಾರೂ ಅದನ್ನು ಅತಿಯೆನ್ನುವುದಿಲ್ಲ. ವೇಷವನ್ನೂ ಕುಣಿತವನ್ನೂ ತೊರೆದು, ಭಾಗವತರ ಎರಡು ಪಕ್ಕಗಳಲ್ಲಿ ಕುಳಿತು ಮಾತಿನಿಂದಲೇ ಪಾತ್ರವನ್ನು ಕಟ್ಟುವ ತಾಳಮದ್ದಳೆಯಲ್ಲಿ ಈ ಸ್ವಾತಂತ್ರ್ಯವು ಪರಾಕಾಷ್ಠೆಗೇರಿತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಪುಸ್ತಕದ ಕಥೆಯ ದಾರಿಯಲ್ಲಿಯೇ ನಡೆದು, ಪುಸ್ತಕದಲ್ಲಿಲ್ಲದ ರಾವಣನನ್ನೂ ವಾಲಿಯನ್ನೂ ಕಟ್ಟಿದರೆಂಬುದು ಆ ನಾಡಿನ ರಸಿಕರ ಮಾತು. ನ್ಯಾಯಶಾಸ್ತ್ರವನ್ನೋದಿದವರು ಅಲ್ಲಿ ವಾದವಾವುದು, ಜಲ್ಪವಾವುದು, ವಿತಂಡೆಯಾವುದು ಎಂದು ಬೇರ್ಪಡಿಸುತ್ತ ಕುಳಿತಿರಬಹುದು. ಮೂರಕ್ಕೂ ಅಲ್ಲಿ ಉದಾಹರಣೆ ದೊರೆಯುತ್ತದೆ.

ಮಾತನ್ನು ಬರೆಯದಿರುವುದು ಗ್ರಂಥದ ನ್ಯೂನತೆಯೆ? ಅಲ್ಲವೆಂಬುದಕ್ಕೆ ಮೀಮಾಂಸಕರ ಒಂದು ನಿರ್ಣಯವು ಉಪಕಾರವಾಗುತ್ತದೆ. ಪ್ರಕೃತಿಯಾಗದ ಮಂತ್ರವನ್ನು ವಿಕೃತಿಯಾಗದಲ್ಲಿ ಹೇಳುವಾಗ ದೇವತೆಯು ಬೇರೆಯಾದುದರಿಂದ ‘ಅಗ್ನಯೇ’ ಎಂಬೆಡೆ ‘ಸೂರ್ಯಾಯ’ ಎಂದು ಬದಲಿಸಿಕೊಳ್ಳಬೇಕಾಗುತ್ತದೆ. ಇದಕ್ಕೆ ಊಹವೆಂದು ಹೆಸರು. ಇದಕ್ಕಾಗಿ ಜೈಮಿನಿಗಳು ಒಂಬತ್ತನೆಯ ಅಧ್ಯಾಯವನ್ನೇ ಮೀಸಲಿಟ್ಟರು. ಆದರೆ ಹಾಗೆ ಊಹಿಸಿ ಸೇರಿಸಿದ ಪದಕ್ಕೆ ಮಂತ್ರತ್ವವಿಲ್ಲವೆಂದು ಎರಡನೆಯ ಅಧ್ಯಾಯದಲ್ಲಿಯೇ ಹೇಳಿಬಿಟ್ಟಿರುವರು. ಎಂದರೆ ಸಂದರ್ಭಕ್ಕೆ ತಕ್ಕಂತೆ ನುಡಿಯುವುದು ಕರ್ತವ್ಯವೇ, ಆದರೆ ನುಡಿದದ್ದು ಸಂಹಿತೆಯೊಳಗೆ ಸೇರದು. ಪಡುವಲಪಾಯದ ಪ್ರಕಾಶಕರು ಶಾಸ್ತ್ರವನ್ನೋದಿ ಈ ವಿವೇಕವನ್ನು ಕಲಿತರೆಂದು ಹೇಳಲಾರೆನಾದರೂ ಅವರ ಪುಸ್ತಕಗಳು ಇದನ್ನೇ ಪಾಲಿಸಿರುವುವು. ನಿನ್ನೆಯ ರಾತ್ರಿಯ ಅರ್ಥವೆಷ್ಟೇ ಸೊಗಸಾಗಿದ್ದರೂ ಅದು ಪ್ರಸಂಗವಲ್ಲ.

ಈ ಮಿತವಾದ ಮುದ್ರಣವು ಸಾಗಿದ್ದಕ್ಕೆ ಎರಡು ಕಾರಣಗಳುಂಟು. ಆಡುವವರು ವೃತ್ತಿಯವರು, ದೀಪಾವಳಿಯ ತರುವಾಯ ತಿರುಗಾಟಕ್ಕೆ ಹೊರಟು ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ರಾತ್ರಿರಾತ್ರಿಯೂ ಆಡಿ ಪಳಗಿದವರು. ಕಥೆಯೂ ಪ್ರಖ್ಯಾತ, ಭಾರತ ರಾಮಾಯಣ ಭಾಗವತಗಳಿಂದ ಬಂದದ್ದು. ಕಟೀಲಿನ ಹಲವು ಮೇಳಗಳು ಒಂದೇ ರಾತ್ರಿ ಬೇರೆ ಬೇರೆ ಊರುಗಳಲ್ಲಿ ಹರಕೆಗಾಗಿ ದೇವೀಮಾಹಾತ್ಮ್ಯವನ್ನೇ ಆಡುವುದುಂಟು. ನೋಡುವವರಿಗೂ ಆಡುವವರಿಗೂ ಕಥೆಯು ಗೊತ್ತು. ಒಂದೊಂದು ಮೇಳದ ಮಹಿಷಾಸುರನಿಗೂ ಅವನದೇ ಆದ ಬರವೂ ಆರ್ಭಟೆಯೂ ಉಂಟು. ಡೇರೆಮೇಳಗಳ ಕಾಲದಲ್ಲಿ ವರ್ಷವರ್ಷವೂ ಹೊಸ ಕಲ್ಪಿತಕಥೆಗಳನ್ನು ಆಡಬೇಕಾಗಿ ಬಂದಾಗ ಪದ್ಯಗಳು ಮಾತ್ರ ಸಾಲದೆ ಹೋದುವು. ಯಾರು ಯಾವಾಗ ಬರಬೇಕು, ಯಾವ ಗುಟ್ಟು ಎಲ್ಲಿ ಹೊರಬೀಳಬೇಕು ಎಂಬ ‘ನಡೆ’ಯನ್ನು ಕಲಾವಿದರಿಗೆ ಬೇರೆಯಾಗಿ ತಿಳಿಸಬೇಕಾಯಿತು. ದಶರೂಪಕಕಾರನ ವಿಭಾಗವನ್ನನುಸರಿಸಿ ಹೇಳುವುದಾದರೆ, ವಸ್ತುವು ಪ್ರಖ್ಯಾತದಿಂದ ಉತ್ಪಾದ್ಯಕ್ಕೆ ಸರಿದಂತೆಲ್ಲ ಪುಸ್ತಕದ ಹೊರೆಯು ಹೆಚ್ಚುತ್ತದೆ.

ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು. ಮುದ್ದಣನೆಂದು ಪ್ರಸಿದ್ಧನಾದ ನಂದಳಿಕೆಯ ಲಕ್ಷ್ಮೀನಾರಣಪ್ಪನು (1870–1901) ರತ್ನಾವತೀಕಲ್ಯಾಣ, ಕುಮಾರವಿಜಯ ಎಂಬ ಎರಡು ಪ್ರಸಂಗಗಳನ್ನು ಬರೆದನು. ರಾಮಾಶ್ವಮೇಧಕ್ಕಾಗಿ ಪುಟಗಟ್ಟಲೆ ಬರೆಯುವ ನಾವು ಈ ಎರಡನ್ನು ಪಟ್ಟಿಯಲ್ಲಿ ಹೆಸರಿಸಿ ಮುಂದೆ ಹೋಗುತ್ತೇವೆ. ರಾಮಾಶ್ವಮೇಧವು ಓದುವವನಲ್ಲಿಗೆ ತಾನೇ ಬರುತ್ತದೆ. ಪ್ರಸಂಗವನ್ನು ಕಾಣಬೇಕಾದರೆ ನಾವು ಆಟದಲ್ಲಿಗೆ ಹೋಗಬೇಕು. ನಿದ್ದೆಗೆಡುವುದು ಪಾಠ ಹೇಳುವವರಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಇನ್ನು ಮೂಡಲಪಾಯ. ಮೈಸೂರು, ಮಂಡ್ಯ, ತುಮಕೂರು, ಹಾಸನ, ಬೆಂಗಳೂರು ಮುಂತಾದ ಬಯಲುಸೀಮೆಗಳ ಈ ಸಂಪ್ರದಾಯವನ್ನು ವಿದ್ವಾಂಸರ ಗಮನಕ್ಕೆ ತಂದವರಲ್ಲಿ ಜೀ. ಶಂ. ಪರಮಶಿವಯ್ಯನವರು ಅಗ್ರಗಣ್ಯರು. ಇಲ್ಲಿಯೂ ಭಾಗವತನುಂಟು, ಮದ್ದಳೆಯುಂಟು, ತಾಳವುಂಟು. ಮುಖವೀಣೆಯೆಂಬುದು ಈ ಕಡೆಯ ವಿಶೇಷ. ಪದ್ಯಗಳ ಛಂದಸ್ಸುಗಳೂ ಬಹುಮಟ್ಟಿಗೆ ಅವೇ. ಆದರೆ ಪುಸ್ತಕವನ್ನು ತೆರೆದ ಕೂಡಲೇ ಭೇದವು ಕಾಣುತ್ತದೆ: ಇಲ್ಲಿ ಮಾತನ್ನೂ ಬರೆದಿರುತ್ತಾರೆ. ಪದ್ಯವಾದ ಬಳಿಕ ಪಾತ್ರಧಾರಿಯು ಹೇಳತಕ್ಕ ವಚನವು, ದೀರ್ಘಸಮಾಸಗಳಿಂದಲೂ ಸಂಬೋಧನೆಗಳಿಂದಲೂ ತುಂಬಿ, ಗೊತ್ತುಪಾಡಾಗಿ ನಿಂತಿದೆ. ಆಡುವವನು ಅದನ್ನು ಬಾಯಿಪಾಠಮಾಡಿ ಒಪ್ಪಿಸತಕ್ಕದ್ದು.

ಈ ಭೇದವನ್ನು ಕಂಡು ಪಡುವಲಪಾಯವೇ ಪ್ರೌಢವೆಂದೂ ಮೂಡಲಪಾಯವು ಜಡವೆಂದೂ ತೀರ್ಮಾನಿಸುವವರುಂಟು. ಇದು ಅವಸರದ ತೀರ್ಮಾನ. ಆಡುವವರು ಯಾರೆಂಬುದನ್ನು ಮೊದಲು ನೋಡಬೇಕು. ಇವರು ವೃತ್ತಿಯ ಮೇಳದವರಲ್ಲ, ಒಕ್ಕಲುಮಕ್ಕಳು. ಊರಿನವರು ಆಟವಾಡಿಸಬೇಕೆಂದು ನಿಶ್ಚಯಿಸಿದರೆ ಭಾಗವತನನ್ನು ಕರೆಸುವರು. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ಸೇರಿ ತಿಂಗಳುಗಟ್ಟಲೆ ಕಲಿಯುವರು. ಸುಗ್ಗಿ ಮುಗಿದ ಮೇಲೋ ಜಾತ್ರೆಯ ಸಮಯದಲ್ಲೋ ಒಂದು ರಾತ್ರಿ ಬೆಳಗಿನವರೆಗೂ ಆಡುವರು. ಆ ಒಂದು ರಾತ್ರಿಗಾಗಿ ರಾವಣನ ವೇಷ ಕಟ್ಟಿದವನು ಮರುದಿನ ಮತ್ತೆ ಆರಂಬಕ್ಕೆ ಹೋಗುವನು. ಅವನಿಂದ ಆಶುವಾದವನ್ನು ನಿರೀಕ್ಷಿಸುವುದು ಅನ್ಯಾಯ. ಅವನಿಗೆ ಬೇಕಾದದ್ದು ಸ್ವಾತಂತ್ರ್ಯವಲ್ಲ, ಆಸರೆ. ಆಸರೆಯು ಬರೆದ ಮಾತಿನ ರೂಪದಲ್ಲಿ ದೊರೆಯುತ್ತದೆ. ಭಾಗವತನು ಇದೇ ಪುಸ್ತಕವನ್ನು ಈ ವರ್ಷ ಒಂದು ಊರಿನಲ್ಲಿ, ಬರುವ ವರ್ಷ ಮತ್ತೊಂದೂರಿನಲ್ಲಿ ಕಲಿಸುವನಾದುದರಿಂದ, ಪರಸ್ಪರ ಪರಿಚಯವಿಲ್ಲದ ಹಳ್ಳಿಗಳಲ್ಲಿ ಒಂದೇ ಆಟವು ಹೆಚ್ಚು ಕಡಿಮೆ ಒಂದೇ ಮಾತಿನಲ್ಲಿ ನಡೆದುಬರುತ್ತದೆ. ಅಚ್ಚಿನಮನೆಯು ಮಾಡತಕ್ಕ ಕೆಲಸವನ್ನು ಇಲ್ಲಿ ಭಾಗವತನ ಕಾಲುಗಳು ಮಾಡಿದುವು.

ಹಾಗೆಂದು ಎಲ್ಲವೂ ಕಟ್ಟುಬಿದ್ದಿದೆಯೆಂದು ತಿಳಿಯಬಾರದು. ಪಾತ್ರವು ರಂಗಕ್ಕೆ ಬಂದೊಡನೆ ಅದನ್ನು ಎದುರುಗೊಂಡು, ನೀನು ಯಾರು, ನಿನ್ನ ಪಟ್ಟಣವಾವುದು, ಬಂದ ಕಾರ್ಯವೇನು ಎಂದು ಕೇಳತಕ್ಕ ಸಾರಥಿಯೊಬ್ಬನುಂಟು. ಕೆಲವೆಡೆ ಹಾಸ್ಯಗಾರನೇ ಈ ಕೆಲಸವನ್ನು ನಿರ್ವಹಿಸುವನು. ಸಂಸ್ಕೃತಸಮಾಸಗಳ ಘೋಷವು ಮುಗಿದ ಕೂಡಲೇ ಅವನು ಊರಿನ ಮಾತಿನಲ್ಲಿ ಅದನ್ನು ತಿರುಗಿಸಿ ಕೇಳುವನು, ಜನರು ನಗುವರು, ಅರಸನು ಮರೆತ ಸಾಲನ್ನು ನೆನಪುಮಾಡಿಕೊಳ್ಳುವುದಕ್ಕೆ ಅಷ್ಟರಲ್ಲಿ ಎಡೆಯಾಗುವುದು. ಕಲಿತವರ ಮಾತು ಗೊತ್ತುಪಾಡು, ನುರಿತ ಒಬ್ಬನ ಮಾತು ಸಡಿಲ. ಈ ಹಂಚಿಕೆಯು ಬಹಳ ಜಾಣತನದ್ದು. ಪುಸ್ತಕದಲ್ಲಿಯೂ ಇದು ಪ್ರತಿಬಿಂಬಿಸುತ್ತದೆ: ಅರಸನ ವಚನವು ತುಂಬಿ ಹರಿದಿರುವಲ್ಲಿ ಸಾರಥಿಯ ಪಾಲು ಸಂಕ್ಷಿಪ್ತ. ಕಾವ್ಯಶೋಧನೆಯ ಅಭ್ಯಾಸವುಳ್ಳವನು ಇಂಥಲ್ಲಿ ಗ್ರಂಥಪಾತವಾಗಿದೆಯೆಂದು ಚುಕ್ಕಿಗಳನ್ನಿಡುವನು. ಪಾತವೆಂಬುದಿಲ್ಲ, ಬಿಡುವು ಇದೆ.

ಮೈಸೂರಿನ ಅಳಿಯ ಲಿಂಗರಾಜನು (1823–1874) ಅನೇಕ ಯಕ್ಷಗಾನಗಳನ್ನು ರಚಿಸಿದನೆಂಬುದು ಸಾಹಿತ್ಯಚರಿತ್ರೆಯಲ್ಲಿ ವಿದಿತವಾಗಿದೆ. ಅರಮನೆಯ ಕವಿಯ ಹೆಸರಿರುವುದರಿಂದ ಅಂಥವಕ್ಕೆ ಪಂಡಿತರ ಆದರವು ದೊರೆಯಿತು. ಕರಿಭಂಟನ ಕಾಳಗದಂಥದು ಹಳ್ಳಿಹಳ್ಳಿಯಲ್ಲಿ ಜನರನ್ನು ಬೆಳಗಿನವರೆಗೂ ಕೂರಿಸಿದ್ದರೂ ಅದರ ಮಾತಿನ ಭಾಗವನ್ನು ಶ್ರದ್ಧೆಯಿಂದ ನೋಡಿದವರು ಕಡಮೆ.

ಈಗ ಸಮುದ್ರದಾಚೆಯ ದೃಷ್ಟಾಂತಕ್ಕೆ ಬರುತ್ತೇನೆ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವ ಎಂಬ ಊರಿನಿಂದ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ಹೊರಟಿತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತರು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುವರು. ಒಬ್ಬನು ಮಾತ್ರ ಪಾತ್ರವನ್ನು ವಹಿಸದೆ ಆಟವನ್ನು ನಡೆಸುವನು. ಮುಂದೆ ಗುಹೆಯಿದೆ, ಒಳಗಿನಿಂದ ಸದ್ದು ಕೇಳುತ್ತಿದೆ, ಏನು ಮಾಡುವಿರೆಂದು ಅವನು ಕೇಳುವನು. ಇವರು ತಮ್ಮ ಪಾತ್ರದ ಬಾಯಿಂದ ಉತ್ತರ ಹೇಳುವರು. ಫಲವು ಸಂದೇಹವಾದೆಡೆಯಲ್ಲಿ ದಾಳವನ್ನು ಹಾಕಿ ತಿಳಿಯುವರು. ವೇಷವಿಲ್ಲ, ಕುಣಿತವಿಲ್ಲ. ತಾಳಮದ್ದಳೆಯನ್ನು ಬಲ್ಲವರಿಗೆ ಇದರಲ್ಲಿ ಅಪರಿಚಿತವಾದದ್ದು ದಾಳವೊಂದೇ. ನಡೆಸುವವನು ಮುಂದಿಟ್ಟುಕೊಳ್ಳುವ ಕಥಾಪುಸ್ತಕಕ್ಕೆ ಅವರು ‘ಅಡ್ವೆಂಚರ್’ ಎನ್ನುವರು. ನಾವು ಪ್ರಸಂಗವೆಂದರೆ ತಪ್ಪಾಗದು.

ಈ ಪುಸ್ತಕಗಳ ರೂಪವನ್ನು ಬಹುಮಟ್ಟಿಗೆ ತಿದ್ದಿದ್ದು ಸ್ಪರ್ಧೆ. 1975ರ ‘ಆರಿಜಿನ್ಸ್’ ಸಮ್ಮೇಳನದಲ್ಲಿ ಹಲವು ತಂಡಗಳಿಂದ ಆಡಿಸಿದ ಗೈಗ್ಯಾಕ್ಸನ ‘ಟೂಂಬ್ ಆಫ್ ಹಾರರ್ಸ್’ ಎಂಬ ಕಥೆಯು 1978ರಲ್ಲಿ ಅಚ್ಚಾಯಿತು. ಆಡುವವರಿಗೆ ತೋರಿಸುವುದಕ್ಕಾಗಿ ಚಿತ್ರಗಳ ಸಂಚಿಕೆಯೊಂದು ಅದರ ಜೊತೆಗಿತ್ತು. ತಂಡತಂಡಗಳನ್ನು ತೂಗಬೇಕಾದರೆ ಎಲ್ಲರ ಮುಂದೆಯೂ ಒಂದೇ ಗುಹೆಯಿರಬೇಕಷ್ಟೆ. 1980ರಲ್ಲಿ ಆಟಗಾರರ ಸಂಘವು ಸ್ಥಾಪಿತವಾಯಿತು. 1987ರಿಂದ ‘ಲಿವಿಂಗ್ ಸಿಟಿ’ ಎಂಬ ಏರ್ಪಾಟಿನಲ್ಲಿ ಊರೂರಿನ ಆಟಗಾರರು ಒಂದೇ ಕಲ್ಪಿತನಗರದಲ್ಲಿ ತಮ್ಮ ಪಾತ್ರಗಳನ್ನು ಬೆಳೆಸುತ್ತ ಹೋದರು. 2000ದಿಂದ 2008ರವರೆಗೆ ನಡೆದ ‘ಲಿವಿಂಗ್ ಗ್ರೇಹಾಕ್’ ಎಂಬುದರಲ್ಲಿ ಕಲ್ಪಿತಲೋಕದ ಒಂದೊಂದು ಸೀಮೆಯನ್ನು ಭೂಮಿಯ ಒಂದೊಂದು ನಿಜವಾದ ಪ್ರಾಂತಕ್ಕೆ ಹಂಚಿಕೊಟ್ಟು, ಆಯಾ ಪ್ರಾಂತದವರೇ ಆಯಾ ಸೀಮೆಯ ಕಥೆಗಳನ್ನು ಬರೆಯುವಂತೆ ಏರ್ಪಡಿಸಿದ್ದರು. ‘ಪಾತ್‌ಫೈಂಡರ್ ಸೊಸೈಟಿ’ 2008ರಲ್ಲಿ, ‘ಅಡ್ವೆಂಚರರ್ಸ್ ಲೀಗ್’ 2014ರಲ್ಲಿ ಮೊದಲಾದುವು.

ಇಂಥ ಏರ್ಪಾಟಿಗಾಗಿ ಬರೆಯುವವನ ಕಷ್ಟವನ್ನು ಊಹಿಸಬೇಕು. ಆಟಗಾರನೊಬ್ಬನು ಈ ವಾರ ಒಂದೂರಿನಲ್ಲಿಯೂ ಬರುವ ತಿಂಗಳು ಬೇರೊಂದು ದೇಶದಲ್ಲಿಯೂ ಅದೇ ಪಾತ್ರವನ್ನು ಹೊತ್ತು ಕುಳಿತುಕೊಳ್ಳುವನು. ಅಲ್ಲಿ ಗಳಿಸಿದ ಖಡ್ಗವನ್ನು ಇಲ್ಲಿಗೆ ತರುವನು. ಆದಕಾರಣ ಯಾವ ಕಥೆಯಲ್ಲಿ ಎಷ್ಟು ಲಾಭವೆಂಬುದು ಪುಸ್ತಕದಲ್ಲಿ ಖಚಿತವಾಗಿರಬೇಕು. ಆಡಿದ್ದಕ್ಕೆ ಬರಹದ ದಾಖಲೆಯೂ ಬೇಕು. ಆಟವು ಸುಮಾರು ನಾಲ್ಕು ಗಂಟೆಗಳಲ್ಲಿ ಮುಗಿಯಬೇಕು. ಕುಳಿತವರ ಬಲವು ಹೆಚ್ಚಾದರೆ ಶತ್ರುಗಳ ಬಲವನ್ನೂ ಹೆಚ್ಚಿಸುವ ವಿಧಿಯು ಬರೆದಿರಬೇಕು. ಇದು ಮೇಲೆ ಹೇಳಿದ ಊಹವೇ, ಎಲ್ಲಿ ಎಷ್ಟು ಮಾಡಬಹುದೆಂಬ ಮಿತಿಯೊಡನೆ. ನಡೆಸುವವನು ಗಟ್ಟಿಯಾಗಿ ಓದತಕ್ಕ ವಾಕ್ಯಗಳನ್ನು ಚೌಕದೊಳಗಿಟ್ಟೋ ಅಕ್ಷರವನ್ನು ಬದಲಿಸಿಯೋ ಅಚ್ಚುಮಾಡುವರು. ಅವನು ಮನಸ್ಸಿನಲ್ಲಿಟ್ಟುಕೊಳ್ಳತಕ್ಕವನ್ನು ಬೇರೆಯಾಗಿ ಅಚ್ಚುಮಾಡುವರು. ಪಾತ್ರಧಾರಿಗಳ ಮಾತಾದರೋ ಒಂದಕ್ಷರವೂ ಇರುವುದಿಲ್ಲ.

ಎಂದಮೇಲೆ ಮೂರು ಬಗೆಯ ಪುಸ್ತಕಗಳಾದುವು. ಪಡುವಲಪಾಯವು ಪದ್ಯವನ್ನು ನಿಲ್ಲಿಸಿ ಮಾತನ್ನು ಬಿಟ್ಟಿತು. ಮೂಡಲಪಾಯವು ಎರಡನ್ನೂ ನಿಲ್ಲಿಸಿ ಸಾರಥಿಯನ್ನು ಬಿಟ್ಟಿತು. ಅಮೆರಿಕದವರು ಸ್ಥಳ, ಸಂಭವ, ಶತ್ರು, ಲಾಭಗಳನ್ನು ನಿಲ್ಲಿಸಿ ನಾಯಕರನ್ನೇ ಬಿಟ್ಟರು. ಬಿಟ್ಟದ್ದನ್ನು ನೋಡಿದರೆ ಆಡುವವರು ಯಾರೆಂದು ತಿಳಿಯುತ್ತದೆ. ಆದರೆ ಅವರದಕ್ಕೂ ನಮ್ಮದಕ್ಕೂ ಒಂದು ಮೂಲಭೇದವುಂಟು. ಅವರ ಪುಸ್ತಕವನ್ನು ಆಡುವವನು ಮೊದಲೇ ಓದಬಾರದು. ಗುಹೆಯಲ್ಲಿರುವುದೇನೆಂದು ತಿಳಿದವನಿಗೆ ಗುಹೆಯ ಭಯವಿಲ್ಲ. ಒಮ್ಮೆ ಆಡಿದವನಿಗೆ ಆ ಕಥೆಯು ಬಹುಮಟ್ಟಿಗೆ ತೀರಿತು. ಆದ್ದರಿಂದ ಪ್ರಕಾಶಕರು ಹೊಸಹೊಸ ಕಥೆಗಳನ್ನು ಎಡೆಬಿಡದೆ ಹೊರತರಬೇಕಾಗುತ್ತದೆ. ನಮ್ಮಲ್ಲಿ ಕರ್ಣನು ಸಾಯುವನೆಂಬುದನ್ನು ಅರಿಯದವನಾರು? ಅರಿತೇ ಜನರು ಕುಳಿತಿರುವರು. ಪ್ರಖ್ಯಾತವಸ್ತುವಿನ ಪುಸ್ತಕವು ಸವೆಯುವುದಿಲ್ಲ. ಅದಕ್ಕೆ ಪುನರ್ಮುದ್ರಣವೊಂದಿದ್ದರೆ ಸಾಕು. ಆದರೆ ಅವರು ನಡೆಸುವವನಿಗಾಗಿ ಬರೆಯುವಷ್ಟು ವಿವರವಾಗಿ ನಾವು ಭಾಗವತನಿಗಾಗಿ ಎಂದೂ ಬರೆಯಲಿಲ್ಲ. ಭಾಗವತನು ಯಾವಾಗಲೂ ಇರುವನೆಂಬ ಧೈರ್ಯದ ಮೇಲೆ ನಮ್ಮ ಪ್ರಸಂಗಗಳು ನಿಂತಿರುವುವು. ಆ ಧೈರ್ಯಕ್ಕೆ ಈಗ ಆಧಾರವು ಕಡಮೆ.

ಕೇರಳದ ಕೂಡಿಯಾಟ್ಟದವರು ಇದಕ್ಕೆ ಪೂರ್ವದಲ್ಲಿಯೇ ದಾರಿ ಮಾಡಿಕೊಂಡರು. ಸಂಸ್ಕೃತನಾಟಕದ ಮೂಲವು ಒಂದು ಪುಸ್ತಕ. ಯಾವ ಶ್ಲೋಕವನ್ನು ಹೇಗೆ ವಿಸ್ತರಿಸಿ ಅಭಿನಯಿಸಬೇಕೆಂಬ ಆಟ್ಟಪ್ರಕಾರವು ಮತ್ತೊಂದು. ವೇಷ, ಪ್ರವೇಶ, ರಂಗದ ಕ್ರಮಗಳನ್ನು ಹೇಳುವ ಕ್ರಮದೀಪಿಕೆಯು ಇನ್ನೊಂದು. ಮೂಲವನ್ನು ಕೆಡಿಸದೆ ಪ್ರಯೋಗವನ್ನು ಉಳಿಸಿದ ವಿಧಾನವಿದು. ಮೂಡಲಪಾಯದ ಪ್ರಸಂಗವನ್ನು ಅಚ್ಚುಮಾಡುವವನಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿಯು ದೊರೆಯದು.

ಹಾಗಾದರೆ ಮಾಡತಕ್ಕದ್ದೇನು? ಪದ್ಯಗಳನ್ನು ಹಲವು ಪ್ರತಿಗಳಿಂದ ಶೋಧಿಸಿ ಪಾಠಾಂತರಗಳನ್ನು ಅಡಿಯಲ್ಲಿ ಕೊಡುವುದು ಯುಕ್ತವೇ. ಮಾತಿಗೆ ಈ ನ್ಯಾಯವು ಸಲ್ಲದು. ನಾಲ್ಕು ಪುಸ್ತಕಗಳಿಂದ ಒಳ್ಳೊಳ್ಳೆಯ ವಚನಗಳನ್ನು ಆರಿಸಿ ಜೋಡಿಸಿದರೆ ಯಾವ ಊರಿನಲ್ಲಿಯೂ ಎಂದೂ ಆಡದ ಆಟವೊಂದು ಹುಟ್ಟುತ್ತದೆ. ಮಾತನ್ನು ಒಬ್ಬ ಭಾಗವತನ ಒಂದು ಪುಸ್ತಕದಿಂದಲೇ, ಅವನ ಹೆಸರು, ಊರು, ಕಲಿಸಿದ ವರ್ಷಗಳೊಡನೆ, ಇದ್ದುದಿದ್ದಂತೆ ಕೊಡಬೇಕು. ಅಪಶಬ್ದಗಳನ್ನು ತಿದ್ದುವ ಚಾಪಲ್ಯವು ನಮ್ಮಂಥ ವ್ಯಾಕರಣದವರಿಗೆ ಸಹಜವಾದರೂ ಅದನ್ನು ತಡೆಯಬೇಕು; ಸಮಾಸವನ್ನು ಮುರಿದು ಹೇಳುವ ಒಕ್ಕಲಿಗನ ಉಸಿರಿಗೆ ತಕ್ಕಂತೆ ಅಲ್ಲಿ ಕೆಲವು ಪದಗಳು ಬಾಗಿರುತ್ತವೆ. ಸಾರಥಿಯ ಮಾತನ್ನು ಆಟದಲ್ಲಿ ಕೇಳಿ ಬರೆದುಕೊಂಡು, ಮೂಲದೊಳಗೆ ಬೆರಸದೆ ಅನುಬಂಧದಲ್ಲಿ ಸೇರಿಸಬೇಕು. ಒಂದಲ್ಲ, ಎರಡು ಮೂರು ಆಟಗಳದಿದ್ದರೆ ಅದು ಸಡಿಲವೆಂಬುದು ಓದುವವರಿಗೆ ತಾನಾಗಿಯೇ ಗೋಚರಿಸುವುದು. ಭಾಗವತನು ರಾಗವನ್ನು ಯಾವ ಹೆಸರಿನಿಂದ ಕರೆಯುವನೋ ಆ ಹೆಸರನ್ನೇ ಉಳಿಸಿ, ಹಾಡಿದ್ದನ್ನು ಧ್ವನಿಮುದ್ರಿಸಿ, ರಾಮನಗರದ ಬಳಿ ನಾಗೇಗೌಡರು 1994ರಲ್ಲಿ ಸ್ಥಾಪಿಸಿದ ಜನಪದ ಲೋಕದಂಥ ಸ್ಥಳದಲ್ಲಿ ಒಂದು ಪ್ರತಿಯನ್ನು ಇರಿಸಬಹುದು. ಪ್ರವೇಶ, ನಿರ್ಗಮನ, ವೇಷ, ಒಂದೊಂದು ಭಾಗಕ್ಕೆ ಹಿಡಿಯುವ ಹೊತ್ತು, ಹೊತ್ತು ಮೀರಿದರೆ ಬಿಡಬಹುದಾದ ಪದ್ಯಗಳು, ಇವು ಕ್ರಮದೀಪಿಕೆಯ ಭಾಗ. ಇವನ್ನು ಭಾಗವತನನ್ನೇ ಕೇಳಿ ಬರೆಯಬೇಕು, ಗ್ರಂಥದಿಂದ ಊಹಿಸಿ ಬರೆಯಬಾರದು.

ಅಚ್ಚಿನ ವಿಷಯದಲ್ಲಿ ಮತ್ತೊಂದು ಸೂಚನೆ. ಪದ್ಯಕ್ಕೆ ದಪ್ಪಕ್ಷರವನ್ನೂ ಮಾತಿಗೆ ಸಾಧಾರಣಾಕ್ಷರವನ್ನೂ ಬಳಸಬೇಕು. ಪುಸ್ತಕವು ಒಂದು ಕೈಯಲ್ಲಿ ಹಿಡಿಯುವಂತಿರಬೇಕು, ಏಕೆಂದರೆ ಭಾಗವತನ ಮತ್ತೊಂದು ಕೈ ಖಾಲಿಯಾಗಿರುವುದಿಲ್ಲ. ಪದ್ಯವೊಂದು ಪುಟದ ಕೊನೆಯಲ್ಲಿ ತುಂಡಾಗಿ ಹಿಂಬದಿಗೆ ಹೋಗದಂತೆ ನೋಡಿಕೊಳ್ಳತಕ್ಕದ್ದು. ಇದರಿಂದ ಕಾಗದವು ಹೆಚ್ಚು ಬೀಳುವುದು ನಿಜ. ಅಡಿಟಿಪ್ಪಣಿಗಳನ್ನು ಹಿಂದಕ್ಕೆ ಸರಿಸಿದರೆ ಆ ವೆಚ್ಚದಲ್ಲಿ ಅರ್ಧವಾದರೂ ಉಳಿಯುತ್ತದೆ.